ಕೊಳಲಿನಿಂದ ಕೆಳಕ್ಕೆ

ಊರಿನಲ್ಲಿ ಯಾರು ಬಾಯಿ ತೆರೆದರೂ ಪಕ್ಕದ ಮನೆಯ ಮಾದೇವಪ್ಪ ಮಾವ ಅವರಿಗೊಂದು ವಾದ್ಯ ಹಚ್ಚಿಬಿಡುತ್ತಿದ್ದರು. ಹಾಲು ಅಳೆಯುವ ಸಿದ್ದರಾಜು ತುತ್ತೂರಿ. ನಮ್ಮ ಅತ್ತೆ, ಶಿವ ಅವರ ಆತ್ಮಕ್ಕೆ ಒಳ್ಳೆಯದು ಮಾಡಲಿ, ದಪ್ಪ ದನಿಯ ಟ್ರಂಬೋನು. ನಮ್ಮ ಯಜಮಾನರು ಮಾತಾಡುವುದೇ ಅಪರೂಪ, ಅವರು ಇಡೀ ಹಾಡಿಗೆ ಎರಡೇ ಸಲ ಟಿಣ್ ಅನ್ನುವ ತಾಳ. ನಾನು ಕ್ಲಾರಿನೆಟ್. ಅದು ಮಾವ ತಾವೇ ಊದುತ್ತಿದ್ದ ವಾದ್ಯವಾದ್ದರಿಂದ ನನಗೆ ಒಳಗೊಳಗೇ ಹೆಮ್ಮೆ. ಅವರ ಹೆಂಡತಿ, ನಾನು ಅತ್ತಮ್ಮ ಅನ್ನುವ ಚಿಕ್ಕತಾಯಮ್ಮನವರು, ಪಿಕೊಲೊ. ಕೊಳಲಿನ ಜಾತಿಯಲ್ಲೇ ಗೇಣುದ್ದದ್ದು, ಎಲ್ಲಕ್ಕಿಂತ ಮೇಲಿನ ಸ್ವರದ್ದು.

"ಇಪ್ಪತ್ತು ಜನ ಊದ್ತಿದ್ರೂ ಪಿಕೊಲೊ ಒಂದು ಬ್ಯಾರೆಯಾಗಿ ಕೇಳ್ತದ ಕಣವ್ವ. ನಿಮ್ಮತ್ತಮ್ಮ ಗೆಟ್ಟವಾಡೀಲಿ ಬಾಯ್ ಬುಟ್ರ ನಂಗ ಪಕ್ಕದೂರು ಪಣಕಳ್ಳೀಲಿ ಕೇಳ್ತದ" ಅನ್ನುತ್ತಿದ್ದರು ಮಾವ.

"ಕಿವೀಗ ಬಿದ್ರ ಏನ್ ಬಂತು. ನಲವತ್ತು ವರ್ಷದಿಂದ ಒಂದು ಮಾತ್ನಾದ್ರೂ ನಡುಸ್ಕೊಟ್ಟಿದ್ದೀರಾ" ಅನ್ನುತ್ತಿದ್ದರು ಚಿಕ್ಕತಾಯಮ್ಮ.

ಆಕೆಗೆ ಮಾತೇ ಉಸಿರು. ಅವರೆಕಾಯಿ ಸುಲಿಯುತ್ತಾ, ಸೌದೆ ಒಟ್ಟುತ್ತಾ, ಗಂಡನ ಬೆನ್ನಿಗೆ ನೀರು ಹುಯ್ಯುತ್ತಾ ಮಾತು. ಮಾವ ಊಂಗುಟ್ಟುತ್ತಿದ್ದರು. ಅವರ ಮನೆಯ ಪಕ್ಕದಲ್ಲೇ ನಮ್ಮ ಮನೆ. ಆ ಮಾತು, ಆ ಊಂ, ನಮ್ಮ ಅಡುಗೆಮನೆಗೂ ಕೇಳುತ್ತಿತ್ತು. ನನ್ನ ದಿನಕ್ಕೂ ಅದೊಂದು ಸಂಗಾತ.

ಮಾವ ಘಟ್ಟದ ಕೆಳಗಿನ ಸೀಮೆಯಲ್ಲಿ ಮೂವತ್ತು ವರ್ಷ ಪೊಲೀಸ್ ಬ್ಯಾಂಡಿನಲ್ಲಿದ್ದು ಬಂದವರು. ರಿಟೈರಾಗಿ ಕಾಡಿನ ಅಂಚಿನ ಎರಡು ಎಕರೆಗೆ ಜೋಳ ಹಾಕಿಕೊಂಡಿದ್ದರು. ಹೊಲಕ್ಕೆ ಹೋಗುವಾಗಲೂ ಇಸ್ತ್ರಿ ಅಂಗಿ, ಸೊಂಟಕ್ಕೆ ಬೆಲ್ಟು, ಹಣೆಗೆ ಮೂರು ಗೆರೆ ವಿಭೂತಿ. ಮುಂದಿನ ಹಲ್ಲು ಬಿದ್ದ ಮೇಲೆ ಊದುವುದು ನಿಂತಿತು. ಆಗ ಸತ್ಯಮಂಗಲದಲ್ಲಿ ಟೀಚರಾಗಿರುವ ಮಗಳು ಮಂಗಳ ಒಂದು ಲ್ಯಾಪ್‌ಟಾಪ್ ತಂದುಕೊಟ್ಟು, ಸ್ವರ ಬರೆಯುವ ಸಾಫ್ಟ್‌ವೇರು ಹಾಕಿಸಿದಳು. ಬ್ಯಾಂಡಿನಲ್ಲಿ ಐದು ಗೆರೆಯ ಮೇಲೆ ಸ್ವರ ಬರೆಯುವುದನ್ನು ಕಲಿತಿದ್ದವರಿಗೆ ಅದು ಕೈಗೆ ಹತ್ತಲು ಒಂದು ತಿಂಗಳೂ ಬೇಕಾಗಲಿಲ್ಲ.

ಅದೇ ಹೊತ್ತಿಗೆ ನಮ್ಮ ಸೋಮವಾರದ ಭಜನೆಗೆ ಹಾರ್ಮೋನಿಯಂ ಇಲ್ಲದಂತಾಗಿತ್ತು. ನುಡಿಸುತ್ತಿದ್ದವರ ಬೆರಳಿಗೆ ವಾಯು ಹಿಡಿದಿತ್ತು. ಎಂಟು ಜನ ಹೆಂಗಸರು ಒಬ್ಬೊಬ್ಬರು ಒಂದೊಂದು ಶ್ರುತಿಯಲ್ಲಿ ಈಶ್ವರನನ್ನು ಕೂಗುತ್ತಿದ್ದೆವು. ಮಾವ ಒಂದು ಸೋಮವಾರ ಲ್ಯಾಪ್‌ಟಾಪನ್ನೂ ಕರಿ ಸ್ಪೀಕರನ್ನೂ ಗುಡಿಗೆ ತಂದು ಬಸವಣ್ಣನ ಪಕ್ಕ ಇಟ್ಟರು.

"ನಿಮ್ಗ ಯಾವ ವಾದ್ಯ ಬೇಕು ಯೋಳ್ರವ್ವ. ಇದ್ರೊಳ್ಗ ಲೋಕದ್ದೆಲ್ಲಾ ಅವ."

ಪರದೆಯ ಎಡಗಡೆ ಪ್ರತಿ ಸಾಲಿಗೂ ಒಂದು ವಾದ್ಯದ ಹೆಸರು ಇರುತ್ತಿತ್ತು. ಅದನ್ನು ಒತ್ತಿದರೆ ಪಟ್ಟಿ ಬಿಚ್ಚಿಕೊಳ್ಳುತ್ತಿತ್ತು. ಬೇರೆ ಹೆಸರು ಆರಿಸಿದರೆ ಅದೇ ಹಾಡು ಬೇರೆಯವರ ಬಾಯಲ್ಲಿ ಬಂದ ಹಾಗೆ ಬರುತ್ತಿತ್ತು. ಆರ್ಗನ್ ಹಾಕಿದರೆ ಪುಟ್ಟಬಸಮ್ಮ, ನಮ್ಮ ಗುಂಪಿನಲ್ಲಿ ಬಾಯಿ ಜೋರಿನವಳು, "ಏನ್ ಮಾವ, ನಮ್ಮನ್ನ ಚರ್ಚ್‌ಗ ಕರ್ಕ ಓಗೀರಾ" ಅಂದಳು. ಪಿಟೀಲು ಅಳುತ್ತದೆ ಅಂದಳು. ಅಕಾರ್ಡಿಯನ್ ಕೇಳಿ ನಾವೆಲ್ಲ ನಕ್ಕೆವು. ಕೊನೆಗೆ ಕೊಳಲಿಗೆ ಎಲ್ಲರೂ ಒಪ್ಪಿದೆವು.

"ಸ್ವರ ಅದೇ ಕಣವ್ವ, ಗಂಟ್ಲು ಮಾತ್ರ ಬ್ಯಾರೆ" ಅಂದರು ಮಾವ. ಅದು ಅವರ ಮಾತು. ಯಾರಾದರೂ ಸತ್ತು ಅವರ ಮೊಮ್ಮಗು ಹುಟ್ಟಿದರೂ ಅದನ್ನೇ ಹೇಳುತ್ತಿದ್ದರು.

ಕಾರ್ತಿಕದಲ್ಲಿ ಕೊಳಲಿತ್ತು. ಸಂಕ್ರಾಂತಿ ಕಳೆದ ಮೇಲೆ ಒಂದು ಸೋಮವಾರ ಮಾವ ಬಂದು, "ಕೊಳಲು ಕೆಟ್ಟೋಗದ, ಸರಿಯಾಗಿ ಬತ್ತಿಲ್ಲ" ಅಂದು ಕ್ಲಾರಿನೆಟ್ ಹಾಕಿದರು. ನಮಗೆ ಕೊಳಲು ಚೆನ್ನಾಗಿಯೇ ಕೇಳುತ್ತಿತ್ತು. ದೊಡ್ಡವರು, ತಿಳಿದವರು ಅಂತ ಸುಮ್ಮನಾದೆವು. ಶಿವರಾತ್ರಿಗೆ ಕ್ಲಾರಿನೆಟ್ ಕೂಡ ಕೆಟ್ಟಿತು. ಅದರ ಜಾಗಕ್ಕೆ ಕಾಲ ಸಂದಿಯಲ್ಲಿ ನಿಲ್ಲಿಸಿಕೊಂಡು ನುಡಿಸುವ ದೊಡ್ಡ ಪಿಟೀಲು, ಸೆಲ್ಲೊ ಅನ್ನುತ್ತಾರಂತೆ, ಅದು ಬಂತು. ಅದನ್ನು ಆರಿಸಿದ ಕೂಡಲೇ ಪರದೆಯ ಮೇಲಿದ್ದ ಎಷ್ಟೋ ಸ್ವರಗಳು ಕೆಂಪಗಾದವು. ನಾನು ಪರದೆಯ ಕಡೆ ಬಾಗಿದೆ.

"ಇದ್ಯಾಕ ಮಾವ ರಕ್ತ ಆದಂಗಾಯ್ತು?"

"ಆ ವಾದ್ಯಕ್ಕ ಎಟುಕ್ದೇ ಇರೋ ಸ್ವರ ಕೆಂಪಗಾಯ್ತವ ಕಣವ್ವ. ಅಷ್ಟು ಮೇಲಕ್ಕ ಅದು ಓಗದಿಲ್ಲ." ಅವರು ಎಲ್ಲ ಸ್ವರವನ್ನೂ ಒಟ್ಟಿಗೆ ಹಿಡಿದು ಒಂದು ಸ್ಥಾಯಿ ಕೆಳಕ್ಕೆ ಇಳಿಸಿದರು. ಕೆಂಪು ಹೋಗಿ ಕಪ್ಪಾಯಿತು.

ಆವತ್ತು ಹಾಡುವಾಗ ಪುಟ್ಟಬಸಮ್ಮ ನನ್ನ ತೊಡೆ ತಿವಿದಳು. "ಈಶ್ವರನ್ ಪದ ಬಾವಿಯೊಳಗಿಂದ ಬಂದಂಗದಲ್ಲಾ ಕಣಕ್ಕ."

ಯುಗಾದಿಯ ಹಿಂದಿನ ದಿನ ಬೇವು ಕೊಡಲು ಅವರ ಮನೆಗೆ ಹೋದೆ. ಚಿಕ್ಕತಾಯಮ್ಮ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಾ ಮಾತಾಡುತ್ತಿದ್ದರು. ಮಾವ ಹಿಂಬಾಗಿಲ ಜಗುಲಿಯ ಮೇಲೆ ಕೂತು ಅವರ ಕಡೆಗೆ ತಲೆಯಾಡಿಸುತ್ತಿದ್ದರು. ಆಕೆ ಹೇಳುತ್ತಿದ್ದುದು ಕರು ಸತ್ತ ಸುದ್ದಿ. ಮಾವ ನಗುತ್ತಾ ತಲೆಯಾಡಿಸುತ್ತಿದ್ದರು.

ನಾನು ಅವರ ಮುಂದೆ ಹೋಗಿ ನಿಂತೆ. ನನಗೆ ಗೊತ್ತಾಗಿದೆ ಅಂತ ನನ್ನ ಮುಖ ನೋಡಿ ಅವರಿಗೆ ತಿಳಿದುಹೋಯಿತು.

"ಕುಂತ್ಕ ಕೂಸೇ" ಅಂದರು ಮೆಲ್ಲಗೆ. "ಚಾಮರಾಜನಗರಕ್ಕ ಓಗಿ ತೋರಿಸ್ಕಂಡು ಬಂದಿ. ಕೇಳದು ಮೇಲಿನ ಸ್ವರದಿಂದ ಓಯ್ತಾ ಬತ್ತದಂತ. ಮೊದ್ಲು ಪಿಕೊಲೊ, ಆಮ್ಯಾಲ ಕೊಳಲು, ಅಂಗೇ ಕೆಳಕ್ಕ. ಕಿವೀಗ ಮಿಷನ್ ಆಕಿ ತೋರ್ಸುದ್ರು. ಅದು ಲೋಕಕ್ಕೆಲ್ಲಾ ಒಂದೇ ವಾದ್ಯ ಅಚ್ಬುಡ್ತದ, ತಗಡು. ಬ್ಯಾಡ ಅಂದ್ಬುಟ್ಟೆ."

"ಅತ್ತಮ್ಮಂಗ ಯೋಳ್ನಿಲ್ವಾ?" ಅಂತ ಅವರ ಕಿವಿಗೆ ಬಾಗಿ ಕೇಳಿದೆ.

"ಅವ್ಳ ದನಿ ಓಗಿ ವರ್ಷದ ಮೇಲಾಯ್ತು. ತುಟಿ ಆಡದು ಕಾಣ್ತದ. ನಾನು ತಲೆ ಆಡಿಸ್ತಿನಿ. ನಂಗ ಕೇಳದಿಲ್ಲ ಅಂತ ಗೊತ್ತಾದ್ರ ಅವ್ಳು ಮಾತ್ ನಿಲ್ಲಿಸ್ಬುಡ್ತಾಳ ಕೂಸೇ. ಅದೊಂದಾಗ್ಬಾರ್ದು."

ಆಮೇಲೆ ನನ್ನ ಕೈಯನ್ನು ತಮ್ಮ ಅಂಗೈ ಮೇಲೆ ಇಡಿಸಿಕೊಂಡು ಬೆಟ್ಟದ ದೇವರು ಮಾದಪ್ಪನ ಆಣೆ ಮಾಡಿಸಿಕೊಂಡರು, ಆಕೆಗೆ ಹೇಳಕೂಡದು ಅಂತ. ಆಣೆ ಮಾಡುವಾಗ ಅದು ಒಂದು ಉಪಕಾರ ಅಂತಲೇ ನನಗೆ ಅನ್ನಿಸಿತ್ತು. ಆದರೆ ಅಂದಿನಿಂದ ಅವರು ಬೆಳಿಗ್ಗೆ ಹೊಲಕ್ಕೆ ಹೊರಟರೆ, ಸಂಜೆ ಚಪ್ಪಲಿ ಸದ್ದು ಕೇಳುವತನಕ ನನ್ನ ಕಿವಿ ಬೀದಿಯ ಮೇಲೇ ಇರುತ್ತಿತ್ತು. ನಮ್ಮ ಕಡೆ ಕಾಡಿನಂಚಿನಲ್ಲಿ ಬದುಕುವವರು ಕಣ್ಣಿಗಿಂತ ಕಿವಿಯನ್ನು ನಂಬಿದವರು. ಜೋಳದೊಳಗೆ ದಂಟು ಮುರಿದ ಸದ್ದು, ಹೊಟ್ಟೆ ಗುಡುಗಿದ ಸದ್ದು, ಇಷ್ಟರಿಂದಲೇ ಆನೆ ಎಷ್ಟು ದೂರ ಅಂತ ಹೇಳುತ್ತಾರೆ. ಆ ಕಿವಿ ಅವರಿಗಿರಲಿಲ್ಲ. ಅದು ನನಗೊಬ್ಬಳಿಗೇ ಗೊತ್ತಿತ್ತು. ಪ್ರತಿ ಸಂಜೆ ಅವರು ನೆಟ್ಟಗೆ ಮನೆ ಸೇರಿದಾಗಲೂ ದೇವರ ಮುಂದೆ ಒಂದು ಊದುಬತ್ತಿ ಹಚ್ಚುತ್ತಿದ್ದೆ.

ಆಷಾಢದ ಒಂದು ಬೆಳಿಗ್ಗೆ ಒಲೆಯ ಮೇಲೆ ಹಿಟ್ಟು ಕುದಿಯುತ್ತಿತ್ತು. ಬೀದಿಯಲ್ಲಿ ತಮಟೆಯಂಥ ಸದ್ದು ಕೇಳಿತು. ನಿಧಾನವಾದ ಗತ್ತು, ಒಂದು ಪೆಟ್ಟು, ನಿಲುಗಡೆ, ಮತ್ತೆರಡು ಪೆಟ್ಟು. ನಮ್ಮಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಆ ಗತ್ತು ಬಂದರೆ ಸಾವು ಅಂತಲೇ ಅರ್ಥ. ಹೆಣ ಎತ್ತುವತನಕ ಬೀದಿಯಲ್ಲಿ ಯಾರೂ ಒಲೆ ಉರಿಸುವುದಿಲ್ಲ. ನಾನು ನೀರು ಚಿಮುಕಿಸಿ ಒಲೆ ಆರಿಸಿ ಹೊರಗೆ ಬಂದೆ. ಗಂಡಸರು ಹೆಗಲಿಗೆ ಟವಲು ಹಾಕಿಕೊಂಡು ಬರುತ್ತಿದ್ದರು. ಸದ್ದು ಬರುತ್ತಿದ್ದುದು ಮಾವನ ಮನೆಯಿಂದ.

ಬಾಗಿಲಲ್ಲಿ ಚಿಕ್ಕತಾಯಮ್ಮ ಪೊರಕೆ ಹಿಡಿದು ನಿಂತಿದ್ದರು. ಪುಟ್ಟಬಸಮ್ಮ ಹೋಗಿ ತಬ್ಬಿಕೊಂಡು, "ಅಯ್ಯೋ ಅತ್ತಮ್ಮ, ನೆನ್ನ ಸಂಜೇಲಿ ನೋಡಿದ್ನಲ್ಲಾ" ಅಂತ ಅತ್ತಳು. ಆಕೆಗೆ ದಿಕ್ಕೇ ತೋಚಲಿಲ್ಲ. "ಯಾರ್ನ ನೋಡುದ್ಯೇ, ಏನಾಗದ ನಿಂಗ" ಅಂದರು. ಒಳಗೆ ಮಾವ ನಮಗೆ ಬೆನ್ನು ಹಾಕಿ ಕೂತು, ಸ್ಪೀಕರಿನ ಮೇಲೆ ಅಂಗೈ ಇಟ್ಟು, ತಲೆದೂಗುತ್ತಿದ್ದರು. ಶಿವನ ಹಾಡಿನ ಸಾಲಿಗೆ ಪಟ್ಟಿಯಲ್ಲಿದ್ದ ಅತಿ ದೊಡ್ಡ ಡ್ರಮ್ಮನ್ನು ಆರಿಸಿದ್ದರು. ರಾಗ ಹೋಗಿ ಬರೀ ಪೆಟ್ಟು ಉಳಿದಿತ್ತು. ತಿರುಗಿ ನೋಡಿ, ಬೀದಿಗೆ ಬೀದಿಯೇ ನಿಂತಿರುವುದನ್ನು ಕಂಡು ಮುಖ ಅರಳಿಸಿದರು.

"ಎಲ್ರೂ ಬಂದ್ಬುಟ್ರಾ? ಪದ ಅಷ್ಟು ಚೆಂದಾಗಿತ್ತಾ?"

ಗಂಡಸರು ಬಯ್ಯಲಾರದೆ ನಕ್ಕು ಹೋದರು. ಚಿಕ್ಕತಾಯಮ್ಮ ಬಾಗಿಲಿಗೆ ಗಂಜಲ ಚಿಮುಕಿಸಿ ಕಾಯಿ ಒಡೆದರು. ಪುಟ್ಟಬಸಮ್ಮ ಮಾತ್ರ ನಗಲಿಲ್ಲ. "ಬದುಕಿರೋರ ಬಾಗ್ಲಲ್ಲಿ ಆ ಗತ್ತು ಬಡುದ್ರ ಅದು ಬರಿಗೈಲಿ ಓಗದಿಲ್ಲ ಕಣಕ್ಕ" ಅಂದಳು. ನಾನು ಅಂಥದನ್ನು ನಂಬುವವಳಲ್ಲ. ಆದರೂ ಆವತ್ತು ಆರಿಸಿದ ಒಲೆಯನ್ನು ಮತ್ತೆ ಹೊತ್ತಿಸಲು ಕೈ ಬರಲಿಲ್ಲ.

ಜೋಳ ತೆನೆ ಕಟ್ಟಿದ ಕಾಲ. ಹೊತ್ತು ಮುಳುಗಲು ಇನ್ನೂ ಸಮಯವಿತ್ತು. ನಾನೂ ಚಿಕ್ಕತಾಯಮ್ಮನೂ ಹುಲ್ಲು ಕೊಯ್ದು ಬದುವಿನ ಮೇಲೆ ಹೊರೆ ಕಟ್ಟುತ್ತಿದ್ದೆವು. ಮಾವ ಆನೆಕಂದಕದ ಪಕ್ಕದ ದಾರಿಯಲ್ಲಿ ನಮ್ಮ ಕಡೆಗೆ ಬರುತ್ತಿದ್ದರು, ತಲೆ ಬಗ್ಗಿಸಿಕೊಂಡು, ಬೆರಳಲ್ಲಿ ಗಾಳಿಗೆ ತಾಳ ಹಾಕಿಕೊಂಡು. ಅವರ ಹಿಂದೆ ಜೋಳ ಸೀಳಿಕೊಂಡು ಆನೆ ಹೊರಗೆ ಬಂತು. ಒಂಟಿ.

ಕಾವಲಿನ ಅಟ್ಟಣೆಯ ಮೇಲಿದ್ದವರು ಸೀಟಿ ಊದಿದರು, ತಗಡು ಬಡಿದರು. ಮಾವ ಅದೇ ನಡಿಗೆಯಲ್ಲಿ ಬರುತ್ತಿದ್ದರು. ಆನೆಯೂ ಅವರ ಹಿಂದೆ ಅಷ್ಟೇ ನಿಧಾನವಾಗಿ ಬರುತ್ತಿತ್ತು.

"ಓಯ್, ಇಂದ್ಕ ನೋಡಿ" ಅಂತ ಚಿಕ್ಕತಾಯಮ್ಮ ಕೂಗಿದರು. ಮತ್ತೆ ಕೂಗಿದರು. ಮೂರನೇ ಸಲ ಕೂಗಿ, "ನೋಡು, ನೋಡು ಆ ಮನ್ಸನ್ ಮೊಂಡ್ತನ ನೋಡು" ಅಂತ ನನ್ನ ಕಡೆ ತಿರುಗಿದರು.

ಆಣೆ ನನ್ನನ್ನು ತಡೆದು ನಿಂತಿತ್ತು. ಎಷ್ಟು ಹೊತ್ತು ನಿಂತಿತ್ತೋ ನನಗೆ ಗೊತ್ತಿಲ್ಲ. ಆನೆ ಹತ್ತು ಹೆಜ್ಜೆ ಹತ್ತಿರ ಬರುವಷ್ಟು.

"ಅತ್ತಮ್ಮ, ಮಾವಂಗ ಕೇಳದಿಲ್ಲ" ಅಂದೆ.

ಆಕೆ ಒಂದು ಸಲ ನನ್ನ ಮುಖ ನೋಡಿದರು. ಆಮೇಲೆ ಓಡಿದರು. ಅರವತ್ತೈದು ದಾಟಿದ ಹೆಂಗಸು, ಸೀರೆ ಎತ್ತಿ ಕಟ್ಟಿಕೊಂಡು ಆನೆಯ ಎದುರಿಗೆ ಓಡಿದರು. ಗಂಡನನ್ನು ತಬ್ಬಿ ಪಕ್ಕಕ್ಕೆ ಎಳೆದ ರಭಸಕ್ಕೆ ಇಬ್ಬರೂ ಕಂದಕದೊಳಗೆ ಬಿದ್ದರು. ಆಕೆ ಕೆಳಗೆ, ಅವರು ಮೇಲೆ. ಆನೆ ಅಂಚಿನಲ್ಲಿ ನಿಂತು ಸೊಂಡಿಲು ಇಳಿಬಿಟ್ಟು ಮೂಸಿತು. ನಾನು ಕಣ್ಣು ಮುಚ್ಚಿ ಮಾದಪ್ಪನನ್ನು ಕರೆದೆ. ಕಣ್ಣು ಬಿಟ್ಟಾಗ ಅದು ಕಾಡಿನ ಕಡೆ ತಿರುಗಿ ಹೋಗುತ್ತಿತ್ತು.

ಇಬ್ಬರೂ ಉಳಿದರು. ಕಂದಕದಲ್ಲಿ ಕಲ್ಲಿರಲಿಲ್ಲ, ಹುಲ್ಲು ಬೆಳೆದಿತ್ತು. ಅದೂ ಒಂದು ಪುಣ್ಯ. ಮಾವನಿಗೆ ಮೊಣಕೈ ತರಚಿತ್ತು, ಅಷ್ಟೇ. ಚಿಕ್ಕತಾಯಮ್ಮನವರ ಸೊಂಟದ ಮೂಳೆ ಮುರಿದಿತ್ತು.

ಆಪರೇಷನ್ ಆದ ಮೇಲೆ ಮಂಗಳ ಇಬ್ಬರನ್ನೂ ಸತ್ಯಮಂಗಲಕ್ಕೆ ಕರೆದುಕೊಂಡು ಹೋಗಲು ಕಾರು ತಂದಳು. ನಾನು ಬುತ್ತಿ ಕಟ್ಟಿಕೊಂಡು ಹೋದೆ. ಮುಂದಿನ ಸೀಟಿನಲ್ಲಿದ್ದ ಮಾವ ನನ್ನನ್ನು ಕಂಡು ಗಾಜು ಇಳಿಸಿ ತಲೆ ಮುಟ್ಟಿದರು. "ಆಣೆ ಮುರ್ದೆ ಅಂತ ಕೊರಗ್ಬ್ಯಾಡ ಕೂಸೇ. ತಪ್ಪು ನಂದು, ನನ್ ತಲೆ ಮೇಲೇ ಆಕು ಅಂತ ಮಾದಪ್ಪನ್ನ ಬೇಡ್ಕಂಡಿದೀನಿ." ಅವರ ದನಿ ಎತ್ತರವಾಗಿತ್ತು. ಎಷ್ಟು ಜೋರಾಗಿ ಮಾತಾಡುತ್ತಿದ್ದೇನೆ ಅನ್ನುವುದು ಅವರಿಗೀಗ ತಿಳಿಯುತ್ತಿರಲಿಲ್ಲ.

ಹಿಂದಿನ ಸೀಟಿನಲ್ಲಿ ಚಿಕ್ಕತಾಯಮ್ಮ ಮಲಗಿದ್ದರು.

"ಯಾವಾಗ್ನಿಂದ ಗೊತ್ತಿತ್ತು ನಿಂಗ?"

"ಯುಗಾದಿಯಿಂದ ಅತ್ತಮ್ಮ."

"ಅವ್ರಿಗ ಯಾವಾಗ್ನಿಂದ ಕೇಳ್ನಿಲ್ಲ?"

ನಾನು ಹೇಳಿದೆ. ಇನ್ನು ಮುಚ್ಚಿಡಲು ಏನಿತ್ತು. ಆಕೆ ಮುಖವನ್ನು ಕಾರಿನ ಚಾವಣಿಯ ಕಡೆ ತಿರುಗಿಸಿದರು.

"ಅಂಗಾದ್ರ ಇಷ್ಟು ದಿನ ನಾನು ಯಾರ ಕೂಡ ಮಾತಾಡ್ತಿದ್ದಿ ಕೂಸೇ" ಅಂದರು.

ನಾನು ಬುತ್ತಿಯನ್ನು ಆಕೆಯ ಪಕ್ಕ ಇಟ್ಟೆ. ಕಾರು ಹೊರಟಿತು. ನಾನು ಅವರನ್ನು ಕಂಡದ್ದು ಅದೇ ಕೊನೆ. ಪಕ್ಕದ ಮನೆಗೆ ಬೀಗ ಬಿದ್ದು ಈಗ ಒಂದೂವರೆ ವರ್ಷ. ನನ್ನ ಅಡುಗೆಮನೆಗೆ ಆ ಕಡೆಯಿಂದ ಯಾವ ಸದ್ದೂ ಬರುವುದಿಲ್ಲ.

ಹೋದ ಸೋಮವಾರ ಮಂಗಳ ಫೋನು ಮಾಡಿದ್ದಳು. ಅವ್ವ ಕೋಲು ಹಿಡಿದು ಬಚ್ಚಲತನಕ ನಡೆಯುತ್ತಾಳೆ, ಅಪ್ಪನಿಗೆ ಶುಗರ್ ಹತೋಟಿಯಲ್ಲಿದೆ, ಇಬ್ಬರೂ ಎರಡು ಹೊತ್ತು ಚೆನ್ನಾಗಿ ಉಣ್ಣುತ್ತಾರೆ ಅಂದಳು. ಒಂದೊಂದಕ್ಕೂ ನಾನು ಇಲ್ಲಿ ಕೈ ಮುಗಿದೆ. ಅಪ್ಪ ಈಗ ಯಾವ ಸದ್ದಿಗೂ ತಿರುಗುವುದಿಲ್ಲವಂತೆ.

"ಅವ್ವ ಏನಂತಾರಮ್ಮ?" ಅಂತ ಕೇಳಿದೆ.

"ಅವ್ವ ಏನೂ ಅನ್ನದಿಲ್ಲ ಕಣಕ್ಕ, ಇಲ್ಲಿಗ ಬಂದಾಗ್ನಿಂದ" ಅಂದಳು. "ಅಪ್ಪ ಅವ್ಳ ಎದುರ್ಗ ಕುರ್ಚಿ ಆಕ್ಕಂಡು ದಿನವೆಲ್ಲಾ ಅವ್ಳ ಬಾಯನ್ನೇ ನೋಡ್ತಾ ಕುಂತಿರ್ತಾರ."