ಖಾಲಿಯಾಗದ ಮೆಮೊರಿ

ನೀವು ನಂಬದಿದ್ದರೂ ನನಗೆ ಬೇಸರವಿಲ್ಲ. ಆ ಕೋಣೆಯಲ್ಲಿ ನನ್ನ ಜೊತೆ ರಜಿಯಾ ಇರದಿದ್ದರೆ ನಾನೂ ನಂಬುತ್ತಿರಲಿಲ್ಲ.

ರಾಯಚೂರಿನ ಹಳೇ ಕಟ್ಟಡವೊಂದರ ಮಹಡಿಯಲ್ಲಿ ನಾವಿಬ್ಬರೂ ಕಂಪ್ಯೂಟರಿಗೆ ಈ ಭಾಗದ ಮಾತು ಕಲಿಸುತ್ತೇವೆ. ಬಾಗಲವಾಡದ ಮುದುಕಿ ಹನುಮವ್ವ ಹಾಡಿದ ಬೀಸುವ ಪದಗಳನ್ನು ರೆಕಾರ್ಡ್ ಮಾಡಿ ತಂದು, ಅದೇ ದನಿಯಲ್ಲಿ ಯಂತ್ರಕ್ಕೆ ತರಬೇತಿ ಕೊಡುತ್ತಿದ್ದೆವು.

ಅಂದು ಕತ್ತಲಾಗುತ್ತಿದ್ದಂತೆ ಪ್ರೋಗ್ರಾಂ ನಿಲ್ಲಿಸಿದೆ. ನಿಲ್ಲಿಸಿದರೆ, ತರಬೇತಿಯ ಲೆಕ್ಕವೆಲ್ಲ ನಡೆಯುವ ಗ್ರಾಫಿಕ್ಸ್ ಕಾರ್ಡಿನ ಮೆಮೊರಿ ತಾನಾಗಿ ಖಾಲಿಯಾಗಬೇಕು.

ಆಗಲಿಲ್ಲ.

ಪರದೆಯ ಮೇಲೆ ಯಾವ ಪ್ರೋಗ್ರಾಮಿನ ಹೆಸರೂ ಇಲ್ಲ... ಮೆಮೊರಿ ಮಾತ್ರ ಭರ್ತಿ. ಒಳಗಿನ ಫ್ಯಾನು ಗರಗರ ಎನ್ನುತ್ತಲೇ ಇತ್ತು. ಪವರ್ ಬಟನ್ ಒತ್ತಿ ಹಿಡಿದೆ, ಯಂತ್ರ ಆರಲಿಲ್ಲ. ಮೇನ್ ಸ್ವಿಚ್ ಹೊರಗಿತ್ತು. ಅದನ್ನು ಆರಿಸಲೆಂದು ರಜಿಯಾ ಎದ್ದು ಬಾಗಿಲಿಗೆ ಹೋದಳು.

"ಸುಮಾ... ಬಾಗ್ಲಾ ಬರವಲ್ದು ನೋಡು."

ಇಬ್ಬರೂ ಜಗ್ಗಿದೆವು. ಅಲುಗಲಿಲ್ಲ. ಫೋನಿಗೆ ಸಿಗ್ನಲ್ ಇಲ್ಲ. ಬಿಸಿ ತಂತಿಯ ವಾಸನೆ... ಅದರ ಜೊತೆಗೇ ಆಗತಾನೇ ಬೀಸಿದ ಜೋಳದ ಹಿಟ್ಟಿನ ವಾಸನೆ.

ಸ್ಪೀಕರಿನಲ್ಲಿ ಯಾರೋ ಉಸಿರೆಳೆದಂತಾಯಿತು.

"ಯವ್ವಾ... ಬಾಗ್ಲಾ ತಗೀರಿ. ಉಸರು ಕಟ್ಟಾಕತ್ತದ."

ಹನುಮವ್ವನ ದನಿ!

"ಯಾ ಅಲ್ಲಾ! ಈಕಿ ಹಾಡಿದ್ದಷ್ಟ ಅಲ್ಲಾ ನಮ್ಮತ್ರ ಇರೋದು?" ರಜಿಯಾ ನನ್ನ ತೋಳು ಹಿಡಿದಳು. ಪರದೆಯತ್ತ ಬೆರಳು ಮಾಡಿ ಅಂದಳು, "ಪ್ರೋಗ್ರಾಂ ಸತ್ತದ, ಅದು ಹುಟ್ಟಿಸಿದ ಮರಿ ಪ್ರೋಗ್ರಾಂ ಯಾವ್ದೋ ಒಳಗ ಜೀವಂತ ಉಳದದ. ಅದು ಜಾಗಾ ಬಿಡವಲ್ದು. ಹುಡುಕಿ ಕೊಲ್ಲು."

ಕೊಲ್ಲು... ಪ್ರೋಗ್ರಾಂ ನಿಲ್ಲಿಸುವುದಕ್ಕೆ ನಾವು ದಿನವೂ ಆಡುವ ಮಾತು. ಅಂದು ಬೆರಳು ಏಳಲಿಲ್ಲ.

"ಲಗೂ ಬಿಡ್ರೆವ್ವಾ..." ದನಿ ಕ್ಷೀಣಿಸುತ್ತಿತ್ತು.

ಯಂತ್ರದೊಳಗೆ ಓಡುತ್ತಿರುವುದನ್ನೆಲ್ಲ ತೋರಿಸುವ ಇನ್ನೊಂದು ಪಟ್ಟಿ ತೆರೆದು ನೋಡಿದೆ. ಕೊನೆಯಲ್ಲಿ ಹೆಸರಿಲ್ಲದ ಒಂದು ಸಾಲು. ಅದನ್ನು ಕೊಲ್ಲುವ ಆದೇಶ ಬರೆದು, ಕಣ್ಣು ಮುಚ್ಚಿ ಒತ್ತಿದೆ.

ಫ್ಯಾನು ನಿಂತಿತು. ಮೆಮೊರಿ ಖಾಲಿ. ಹಿಂದೆ ಬಾಗಿಲು ಕಿರ್ ಎಂದಿತು... ತಾನಾಗಿ ತೆರೆದುಕೊಂಡಿತ್ತು. ಚಪ್ಪಲಿಯೂ ಇಲ್ಲದೆ ಮೆಟ್ಟಿಲಿಳಿದು ಓಡಿದೆವು.

ಆ ಮುದುಕಿಗೆ ನಾನೇ ಏನೋ ಮಾಡಿಬಿಟ್ಟೆನೆಂಬ ಭಯದಲ್ಲಿ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಬೆಳಿಗ್ಗೆ ಬಾಗಲವಾಡಕ್ಕೆ ಫೋನ್ ಮಾಡಿದೆ. ಹನುಮವ್ವನ ಸೊಸೆ ಎತ್ತಿದಳು.

"ಜ್ವರ ಬಂದು ಎಚ್ಚರಾನ ಇದ್ದಿಲ್ರೀ. ನಿನ್ನಿ ಸಂಜಿಮುಂದ ತಟ್ನ ಎದ್ದು ಕುಂತಳು. ತಗೋರಿ, ಮಾತಾಡ್ತಾಳಂತ."

ಹನುಮವ್ವ ಫೋನ್ ತೆಗೆದುಕೊಂಡಳು. ಮೆಲ್ಲಗೆ ಅಂದಳು, "ಚೊಲೋ ಆತವ್ವಾ, ಬಾಗ್ಲಾ ತಗದ್ರಿ."

ನಾನು ಫೋನನ್ನು ಕಿವಿಗೆ ಒತ್ತಿ ಹಿಡಿದೆ.

"ಅಲ್ಲಿ ಮೂಲ್ಯಾಗ ಇನ್ನೊಬ್ಬಾಕಿ ಅಳಕೋಂತ ಕುಂತಿದ್ಲು... ಆಕೀನೂ ಹೊರಗ ಬಿಟ್ರೇನು?"

ಆ ಯಂತ್ರಕ್ಕೆ ನಾವು ಕೊಟ್ಟಿದ್ದು ಹನುಮವ್ವನ ದನಿಯೊಂದನ್ನೇ.