ಅಮ್ಮನ ಕಾಲಿಗೆಂದು ತಂದ ರಜಾಯಿ

ನಮ್ಮಣ್ಣನ ಮಡಿ ಮೈಲಿಗೆಯ ಮಾತು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಎರಡು ಸಾವಿರದ ಇಸವಿಯ ಆಚೀಚೆ ನಾನು ಗೌರಿಬಿದನೂರಿನ ಒಂದು ಗಾರ್ಮೆಂಟ್ಸಿನಲ್ಲಿ ಹೊಲಿಗೆಗೆ ಹೋಗುತ್ತಿದ್ದೆ. ಹೊರದೇಶದ ಚಳಿಗೆಂದು ಬಾತುಕೋಳಿಯ ಎದೆಯ ತುಪ್ಪುಳ ತುಂಬಿ ರಜಾಯಿ ಹೊಲಿಯುತ್ತಿದ್ದೆವು. ಫ್ಯಾನ್ ಹಾಕುವಂತಿರಲಿಲ್ಲ, ಹಾಕಿದರೆ ರೆಪ್ಪೆ, ತಲೆ, ಊಟದ ಡಬ್ಬಿ ಎಲ್ಲ ಬೆಳ್ಳಗೆ. ಹೊಲಿಗೆ ಸೊಟ್ಟಗಾಗಿ ರಿಜೆಕ್ಟ್ ಆದ ಒಂದನ್ನು ಸೂಪರ್‌ವೈಸರ್ ಹತ್ತಿರ ಕಾಡಿ ಬೇಡಿ ಅಮ್ಮನಿಗೆಂದು ತಂದೆ.

ಅಮ್ಮ ಶಿಡ್ಲಘಟ್ಟದಲ್ಲಿ ಅಣ್ಣನ ಮನೆಯಲ್ಲಿದ್ದಳು. ಕೀಲುನೋವು. ಕಂಬಳಿ ಹೊದಿಸಿದರೆ ಅದರ ಭಾರಕ್ಕೇ ಕಾಲ್ಬೆರಳು ನೋಯುತ್ತಿದ್ದವು, ತೆಗೆದರೆ ನಡುಕ. ರಜಾಯಿ ಹೊದ್ದ ಮಾರನೇ ಬೆಳಿಗ್ಗೆ, "ಮೈಮೇಲೆ ಏನೂ ಇಲ್ವೇನೋ ಅನ್ಸುತ್ತಮ್ಮ, ಆದ್ರೂ ಬೆಚ್ಚಗೈತೆ" ಅಂದಳು. ಒಳಗೇನಿದೆ ಎಂದು ಅತ್ತಿಗೆ ಕೇಳಿದ್ದಕ್ಕೆ ಹತ್ತಿ ಅಂದೆ. ಆ ಸುಳ್ಳಿಗೆ ನನಗೆ ನಾಚಿಕೆಯಿಲ್ಲ.

ಎರಡು ವಾರ ಬಿಟ್ಟು ಹೋದರೆ ರಜಾಯಿ ಹಿತ್ತಲಿನ ಗೋಡೆಯ ಮೇಲೆ ಬಿದ್ದಿತ್ತು. ಹೊಲಿಗೆಯ ಸಂದಿಯಿಂದ ಪುಕ್ಕದ ಕಡ್ಡಿಯೊಂದು ಹೊರಗೆ ಬಂದು ಗುಟ್ಟು ರಟ್ಟಾಗಿತ್ತು. ಅಮ್ಮ ಕಂಬಳಿಯ ಕೆಳಗೆ ಕಾಲು ಮಡಚಿಕೊಂಡು ಮಲಗಿದ್ದಳು. ನನ್ನ ಕೈ ಹಿಡಿದು ಮೆಲ್ಲಗೆ, "ಅದನ್ನೇ ಕೊಡು ಅಂತ ಹೇಳಮ್ಮ ಅವನಿಗೆ. ಇದನ್ನ ತಡ್ಕೊಳ್ಳಕ್ಕಾಗಲ್ಲ" ಅಂದಳು.

ಅಣ್ಣನದು ರೇಷ್ಮೆ ನೂಲು ಬಿಚ್ಚುವ ಕಸುಬು. ಮನೆಯ ಹಿಂದಿನ ಶೆಡ್ಡಿನಲ್ಲಿ ದಿನವಿಡೀ ಗೂಡು ಕುದಿಯುತ್ತದೆ, ಒಳಗಿನ ಹುಳುವಿನ ಸಮೇತ. ಆ ನಾತ ಬೀದಿಯ ತುದಿಗೂ ಹೊಡೆಯುತ್ತದೆ. ಆ ರೇಷ್ಮೆಯ ಪಂಚೆ ಉಟ್ಟೇ ಪೂಜೆಗೆ ಕೂರುತ್ತಾನೆ. ಭಾನುವಾರದ ಕೋಳಿಸಾರನ್ನೂ ತಪ್ಪಿಸುವವನಲ್ಲ.

"ಸತ್ತ ಹಕ್ಕಿ ಪುಕ್ಕ ತಂದು ದೇವರ ಕೋಣೆ ಪಕ್ಕ ಇಕ್ಕಿದ್ದೀಯಲ್ಲಮ್ಮ" ಅಂದ.

"ನಿನ್ನ ಶೆಡ್ಡಲ್ಲಿ ದಿನಾ ಬೇಯೋದೇನಣ್ಣ, ಕಡ್ಲೆಕಾಯಾ?"

"ಅದು ನಮ್ಮ ಅನ್ನ. ರೇಷ್ಮೆ ಮಡಿ ಕಣಮ್ಮ."

ಅವನನ್ನು ಕರೆದುಕೊಂಡು ಬಂದು ಅಮ್ಮನ ಮುಂದೆ ನಿಲ್ಲಿಸಿದೆ. ನಿನಗೆ ಯಾವುದು ಬೇಕು, ನೀನೇ ಹೇಳು ಅಂದೆ. ಅವಳು ಮಗನ ಮುಖ ನೋಡಿದಳು.

"ಕಂಬ್ಳೀನೇ ಸಾಕು ಬಿಡಮ್ಮ."

ಅಣ್ಣನ ಮೇಲಿದ್ದ ಸಿಟ್ಟೆಲ್ಲ ಅವಳ ಮೇಲೆ ತಿರುಗಿತು. ಮಗನ ಮನೆಯ ಅನ್ನ ತಿನ್ನುವವಳು ಅವನೆದುರಿಗೆ ಇನ್ನೇನು ಹೇಳಿಯಾಳು ಎಂದು ಆಗ ನನಗೆ ಹೊಳೆಯಲಿಲ್ಲ. "ಹಂಗಾದ್ರೆ ನೋವು ತಿಂದ್ಕೊಂಡು ಬಿದ್ದಿರು" ಅಂದುಬಿಟ್ಟೆ. ರಜಾಯಿಯನ್ನು ಬ್ಯಾಗಿಗೆ ತುರುಕಿಕೊಂಡು, ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಿಸಿ ಗೌರಿಬಿದನೂರಿಗೆ ಬಂದೆ. ನನ್ನ ಮನೆಯಲ್ಲಿ ಅವಳಿಗೊಂದು ಮಂಚದಷ್ಟು ಜಾಗವಿತ್ತು. ಬಾ ಎಂದು ಕರೆಯಲಿಲ್ಲ.

ಆ ಚಳಿಗಾಲವೆಲ್ಲ ರಜಾಯಿಯನ್ನು ನಾನೇ ಹೊದ್ದೆ. ಚೆನ್ನಾಗಿ ನಿದ್ದೆ ಬರುತ್ತಿತ್ತು.