ಕಾಗದದಲ್ಲಿ ಮುತ್ಯಾನ ಇಬ್ಬರು ಹೆಂಡಂದಿರು

ಅಪ್ಪನ ಅಪ್ಪನಾದ ನಮ್ಮ ಮುತ್ಯಾನಿಗೆ ಇಬ್ಬರು ಹೆಂಡಂದಿರಿದ್ದರೆಂಬುದು ಅವನು ತೀರಿಕೊಂಡ ಮೇಲೆ ಗೊತ್ತಾಯಿತು. ಪಾಪ, ಬದುಕಿದ್ದಾಗ ಒಬ್ಬಳನ್ನು ಸಂಭಾಳಿಸುವಷ್ಟರಲ್ಲೇ ಅವನಿಗೆ ಸಾಕುಸಾಕಾಗಿ ಹೋಗಿತ್ತು.

ಬಬಲೇಶ್ವರದ ಹೊಲ ಇನ್ನೂ ಅವನ ಹೆಸರಲ್ಲೇ ಇತ್ತು. ಅದನ್ನು ನಮ್ಮ ಆಯಿ, ಅಂದರೆ ಅವನ ಹೆಂಡತಿ, ಮತ್ತು ಅವಳ ಇಬ್ಬರು ಮಕ್ಕಳ ಹೆಸರಿಗೆ ಮಾಡಿಸಲು ವಂಶಾವಳಿ ಬೇಕಾಗಿತ್ತು. ಹಿರಿಯಳು ನನ್ನ ಅತ್ತೆ, ಕಿರಿಯವನು ನನ್ನ ಅಪ್ಪ. ವಿಜಯಪುರದ ಜಲನಗರದಲ್ಲಿರುವ, ಶಾಲೆಯಲ್ಲಿ ಪಾಠ ಹೇಳುವ, ಸ್ಕೂಟಿ ಇರುವ ನನ್ನ ಕೊರಳಿಗೆ ಆ ಕೆಲಸ ಬಿತ್ತು. ಒಂದು ಮುಂಜಾನೆಯಲ್ಲಿ ಮುಗಿಸಿಬಿಡುತ್ತೇನೆಂದು ಜಂಬ ಕೊಚ್ಚಿಕೊಂಡು ಆಯಿಯನ್ನು ಕರೆದುಕೊಂಡು ಹೋದೆ.

ಊರಿನ ಹೊಲದ ಕಾಗದಪತ್ರ ನೋಡುವ ತಲಾಠಿ ಮರ್ಯಾದಸ್ಥ ಮನುಷ್ಯ. ಅತ್ತೆಯ ಜನನ ದಾಖಲೆಯನ್ನೂ ಅಪ್ಪನದನ್ನೂ ಪಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು. ತಂದೆಯ ಹೆಸರು ಒಂದೇ, ತಾಯಿಯ ಹೆಸರು ಬೇರೆ ಬೇರೆ.

"ಕಾಗದದ ಪ್ರಕಾರ ನಿಮ್ಮ ಮುತ್ಯಾಗ ಇಬ್ಬರು ಹೆಂಡ್ರು ಅಕ್ಕಾರ. ಇನ್ನೊಬ್ಬಾಕಿದು ಮರಣಪತ್ರ ತರ್ರಿ."

ಪಕ್ಕದ ಕುರ್ಚಿಯಲ್ಲಿದ್ದ ಆಯಿಯ ಕಿವಿ ಬಲು ಚುರುಕು. "ಆಕಿ ಇನ್ನೂ ಸತ್ತಿಲ್ಲಪಾ," ಎಂದಳು. "ಮುಂಜಾನೆ ಎರಡು ರೊಟ್ಟಿ ತಿಂದಾಳ."

ಆಮೇಲೆ ಎಲ್ಲ ಬಿಡಿಸಿ ಹೇಳಿದಳು. ಅವಳ ತವರು ಟಿಕೋಟ. ಮದುವೆಯ ದಿನ ಅಕ್ಕಿಯ ಮೇಲೆ ಹೊಸ ಹೆಸರು ಬರೆದು, ಅಂದಿನಿಂದ ಸೊಸೆಯನ್ನು ಆ ಹೆಸರಿನಿಂದಲೇ ಕರೆಯುವುದು ನಮ್ಮ ಕಡೆಯ ಪದ್ಧತಿ. ನನ್ನ ಮದುವೆಯಲ್ಲೂ ಗಂಡನ ಮನೆಯವರು ಅಕ್ಕಿ ಹರವಿದ್ದರು. ಅದರಲ್ಲಿ ಅನ್ನ ಮಾಡಿಬಿಡ್ರಿ ಎಂದು ಹೇಳಿ ನಾನು ಪಾರಾಗಿದ್ದೆ. ಆಯಿಗೆ ಹಾಗೆ ಹೇಳುವ ವಯಸ್ಸಿರಲಿಲ್ಲ. ಚೊಚ್ಚಲ ಬಾಣಂತನ ತವರಲ್ಲಿ ಆಗಬೇಕಲ್ಲ, ಅತ್ತೆ ಟಿಕೋಟದಲ್ಲಿ ಹುಟ್ಟಿದಳು. ಆಯಿಯ ಅಪ್ಪ ಚಾವಡಿಗೆ ಹೋಗಿ ಬರೆಸುವಾಗ ತನ್ನ ಮಗಳನ್ನು ತಾನು ಕರೆಯುವ ಹೆಸರನ್ನೇ ಹೇಳಿದ. ಬೀಗರು ಅಕ್ಕಿಯ ಮೇಲೆ ಏನು ಗೀಚಿದರೆ ಅವನಿಗೇನು? ಅಪ್ಪ ಹುಟ್ಟಿದ್ದು ಬಬಲೇಶ್ವರದಲ್ಲಿ, ಇಲ್ಲಿ ಅಕ್ಕಿಯ ಹೆಸರು ಬರೆಸಿದರು. ಒಂದೇ ಹೊಟ್ಟೆಯ ಇಬ್ಬರು ಮಕ್ಕಳು ಹೀಗೆ ಮಲತಾಯಿ ಮಕ್ಕಳಾದರು.

ಅಪ್ಪನಿಗೆ ಇದು ಭಾರಿ ಮೋಜಾಯಿತು. ಅತ್ತೆ ಮನೆಗೆ ಬಂದಾಗೆಲ್ಲ, ಮುತ್ಯಾನ ಹಿರೇ ಹೆಂಡತಿಯ ಮಗಳು ಬಂದಳು, ಚಾಪೆ ಹಾಸ್ರಿ ಎಂದು ಕಾಡುತ್ತಿದ್ದ. ಮೊದಲೆರಡು ಸಲ ಅತ್ತೆ ನಕ್ಕಳು. ಮೂರನೆಯ ಸಲ ಎದ್ದು ಅಡುಗೆಮನೆಗೆ ಬಂದು ನನ್ನ ಕೈ ಹಿಡಿದಳು.

"ಹೊಲಾ ಹಾಳಾಗಿ ಹೋಗ್ಲಿ ಯವ್ವಾ. ಅವ್ವ ಕಣ್ಣು ಮುಚ್ಚೂದರಾಗ, ನಾ ಆಕಿ ಮಗಳಂತ ಒಂದ ಕಡೆ ಬರಸು."

ಅರವತ್ತು ದಾಟಿದ ಹೆಂಗಸು ಹಾಗೆ ಕೇಳಿದ್ದು ನನಗೆ ತಡೆಯಲಾಗಲಿಲ್ಲ. ಹೊರಗೆ ಹೋಗಿ ಅಪ್ಪನಿಗೆ ಬಾಯಿಗೆ ಬಂದಂತೆ ಬೈದೆ.

ಎರಡೂ ಹೆಸರಿನವಳು ಒಬ್ಬಳೇ ಎಂದು, ಆಯಿಯನ್ನು ಚಿಕ್ಕಂದಿನಿಂದ ಬಲ್ಲವರೊಬ್ಬರು ಟಿಕೋಟದ ತಲಾಠಿಯ ಮುಂದೆ ಹೇಳಬೇಕಿತ್ತು. ಆಯಿಯ ಅಣ್ಣತಮ್ಮಂದಿರು ಯಾರೂ ಉಳಿದಿಲ್ಲ. ಮೂರು ಸಲ ಟಿಕೋಟಕ್ಕೆ ಹೋದೆ. ಎಲ್ಲರೂ ಚಹಾ ಕೊಟ್ಟು, ಹಿರಿಯರನ್ನು ಕೇಳ್ರಿ ಎಂದರು. ಆ ಹಿರಿಯರು ನೋಡಿದರೆ ನಮ್ಮಪ್ಪನಿಗಿಂತ ಚಿಕ್ಕವರು. ತಲೆ ಕೆಟ್ಟು ಮೊಸರುಗಡಿಗೆಯಾಯಿತು. ಕೊನೆಗೆ, ಸಣ್ಣವಳಿದ್ದಾಗ ಯಾರ ಜೊತೆ ಆಡುತ್ತಿದ್ದಿ ಎಂದು ಆಯಿಯನ್ನೇ ಕೇಳಿದೆ. ಇಷ್ಟು ದಿನಕ್ಕೆ ಬುದ್ಧಿ ಬಂತಲ್ಲ ಎಂದು ನಕ್ಕು, ತಮ್ಮ ಓಣಿಯ ಮುಸಲ್ಮಾನರ ಮನೆಯ ಗೆಳತಿಯೊಬ್ಬಳ ಗುರುತು ಹೇಳಿದಳು.

ಗೆಳತಿ ಇದ್ದಳು. ಅಪ್ಪನ ಕಾರಿನಲ್ಲಿ ಆಯಿ, ಅತ್ತೆ, ನಾನು ಎಲ್ಲರೂ ಹೋದೆವು, ಅಲ್ಲಿಯ ತಲಾಠಿಯೂ ಬಂದರು. ಅಂಗಳದ ಹೊರಸಿನ ಮೇಲೆ ಕೂತು ಮುದುಕಿ ಮಡಿಲಲ್ಲಿ ಬುಟ್ಟಿ ಇಟ್ಟುಕೊಂಡು ಮಣೂಕದ ತೊಟ್ಟು ಬಿಡಿಸುತ್ತಿದ್ದಳು. ತಮ್ಮದೇ ತೋಟದ ದ್ರಾಕ್ಷಿ ಒಣಗಿಸಿದ ಮಣೂಕ. ಕಣ್ಣು ಪೂರ್ತಿ ಹೋಗಿದ್ದವು, ಎಲ್ಲ ಬೆರಳಲ್ಲೇ. ತಲಾಠಿ ಆಯಿಗೆ ಬಬಲೇಶ್ವರದಲ್ಲಿ ಇಟ್ಟ ಹೆಸರು ಹೇಳಿ, ಇವರು ಗೊತ್ತೇ ಎಂದು ಕೇಳಿದರು. ಅಂಥ ಹೆಸರಿನವಳು ಯಾರೂ ತನಗೆ ಗೊತ್ತಿಲ್ಲ ಎಂದು ಅವಳು ತಲೆಯಾಡಿಸಿದಳು. ತಲಾಠಿ ಪೆನ್ನಿನ ಮುಚ್ಚಳ ಹಾಕಿದರು. ಅತ್ತೆಯ ಮುಖ ಸಣ್ಣದಾಯಿತು.

ಆಯಿ ಹೋಗಿ ಹೊರಸಿನ ಮೇಲೆ ಕೂತು, ಬುಟ್ಟಿಗೆ ಕೈಹಾಕಿ ಒಂದು ಹಿಡಿ ಮಣೂಕ ತೆಗೆದಳು. ಮುದುಕಿ ಪಟ್ಟನೆ ಆ ಕೈಗೆ ಹೊಡೆದಳು. ಹೊಡೆದ ಕೈ ಹಾಗೆಯೇ ನಿಂತಿತು. ಆಯಿಯ ಬೆರಳು, ಮಣಿಕಟ್ಟು ಎಲ್ಲ ಸವರಿ ನೋಡಿ, ಅವಳ ತವರಿನ ಹೆಸರು ಹಿಡಿದು ಕರೆದು, "ಕಳ್ಳಿ, ಇನ್ನೂ ಬಿಟ್ಟಿಲ್ಲೇನ?" ಎಂದಳು.

ಆಯಿ "ಓ" ಎಂದಳು. ಆಮೇಲೆ ಇಬ್ಬರೂ ನಕ್ಕರು, ಅತ್ತರು, ನಮ್ಮನ್ನು ಕೇಳುವವರೇ ಇಲ್ಲ. ತಲಾಠಿ ಎರಡು ಹೆಸರುಗಳ ನಡುವೆ 'ಉರ್ಫ್' ಎಂದು ಬರೆದು ಹೆಬ್ಬೆಟ್ಟು ತೆಗೆದುಕೊಂಡರು.

ಆಯಿಯ ತವರಿನವರೆಲ್ಲ ತೀರಿಕೊಂಡ ಮೇಲೆ, ತನ್ನ ತಾಯಿಯನ್ನು ಯಾರಾದರೂ ಆ ಹೆಸರಿನಿಂದ ಕರೆದದ್ದನ್ನು ಅತ್ತೆ ಕೇಳಿದ್ದು ಅದೇ ಮೊದಲು. ಹಾಗಾದರೆ ದಾಖಲೆಯಲ್ಲಿ ತಪ್ಪಾಗಿದ್ದು ತನ್ನದೋ ತಮ್ಮನದೋ ಎಂದು ಕೇಳಿದಳು.

"ತಪ್ಪೇನಾಗಿಲ್ಲ," ಎಂದಳು ಆಯಿ. "ನಿನ್ನ ಹಡಿಯೂ ಬ್ಯಾನಿ ತಿನ್ನೂ ಮುಂದ ನಮ್ಮವ್ವ ನನ್ನ ಹೆಸರು ಹಿಡದ ಕರೀತಿದ್ದಳು. ನಿನ್ನ ಹಡದಾಕಿ ನಾನು. ಇವನ್ನ ಹಡದಾಕಿ ಬಬಲೇಶ್ವರದವರ ಸೊಸಿ."

ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟಳು. ಅಳುತ್ತಲೇ ಅಪ್ಪನ ಕಡೆ ತಿರುಗಿದಳು.

"ಕೇಳಿದೇನಲೇ ತಮ್ಮಾ?"